ಚರ್ಮದೊಳಗೆ ನೂರು ವರ್ಷ ಕಾದ ಕೋಶ

ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಕ್ರೀಮಿನ ಜಾಹೀರಾತಿನ ತನಕ, ಚರ್ಮ ಅಂದ ಕೂಡಲೇ ನಮಗೆ ಹೊಳೆಯೋದು ಬಣ್ಣ. ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ! ಚರ್ಮದ ಒಂದು ಕೋಶವನ್ನು ಅವರಲ್ಲಿ ಹಲವರು ದಶಕಗಟ್ಟಲೆ ಬಣ್ಣದ ಲೆಕ್ಕಕ್ಕೇ ಸೇರಿಸಿಬಿಟ್ಟಿದ್ದರು. ಆ ಕಥೆ ಸ್ವಾರಸ್ಯವಾಗಿದೆ, ಕೇಳಿ.

ಮೊದಲು ಸ್ವಲ್ಪ ಪೀಠಿಕೆ. ಚರ್ಮದಲ್ಲಿ ಮುಖ್ಯವಾಗಿ ಎರಡು ಪದರ: ಹೊರಚರ್ಮ ಮತ್ತು ಒಳಚರ್ಮ. ರಕ್ತನಾಳಗಳೆಲ್ಲ ಒಳಚರ್ಮದಲ್ಲಿ, ಹೊರಚರ್ಮದಲ್ಲಿ ಒಂದೂ ಇಲ್ಲ. ಹೊರಚರ್ಮದ ಕೋಶಗಳಲ್ಲಿ ನೂರಕ್ಕೆ 90ರಷ್ಟು ಕೆರಟಿನೋಸೈಟುಗಳು. ಇವು ತಳದಲ್ಲಿ ಹುಟ್ಟಿ, ಮೇಲೇರುತ್ತಾ ಚಪ್ಪಟೆಯಾಗಿ, ಸತ್ತು, ಕೊನೆಗೆ ಉದುರಿ ಹೋಗುತ್ತವೆ. ತಳದಲ್ಲೇ ಅಲ್ಲಲ್ಲಿ ಕೂತು ಮೆಲನಿನ್ ಎಂಬ ಬಣ್ಣ ತಯಾರಿಸಿ ನೆರೆಹೊರೆಗೆ ಹಂಚೋದು ಮೆಲನೋಸೈಟು. (ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ! ವ್ಯತ್ಯಾಸ ಇರೋದು ಮೆಲನಿನ್‌ನ ಪ್ರಮಾಣ, ಬಗೆ ಮತ್ತು ಹಂಚಿಕೆಯಲ್ಲಿ.) ಸ್ಪರ್ಶಕ್ಕೆ ನೆರವಾಗುವ ಕೋಶಗಳನ್ನು 1875ರಲ್ಲಿ ಫ್ರೀಡ್ರಿಖ್ ಮರ್ಕೆಲ್ ವಿವರಿಸಿದ. ನಾಲ್ಕನೆಯದೇ ನಮ್ಮ ಕಥಾನಾಯಕ.

1868, ಬರ್ಲಿನ್. ಪಾಲ್ ಲಾಂಗರ್‌ಹಾನ್ಸ್ ಆಗಿನ್ನೂ ಇಪ್ಪತ್ತರ ಆಸುಪಾಸಿನ ವೈದ್ಯಕೀಯ ವಿದ್ಯಾರ್ಥಿ. ಚರ್ಮದೊಳಗೆ ನರಗಳು ಎಲ್ಲಿ ಕೊನೆಯಾಗುತ್ತವೆ ಅನ್ನೋದು ಅವನ ಪ್ರಶ್ನೆ. ನರಗಳಿಗೆ ಕಪ್ಪು ಬಣ್ಣ ಕಟ್ಟಿಸುವ ಗೋಲ್ಡ್ ಕ್ಲೋರೈಡ್ ವಿಧಾನವನ್ನು ಮನುಷ್ಯನ ಚರ್ಮದ ಮೇಲೆ ಪ್ರಯೋಗಿಸಿದ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಹೊರಚರ್ಮದ ನಡುವೆ ಕೊಂಬೆಗಳನ್ನು ಚಾಚಿ ನಿಂತ ಕಪ್ಪು ಕೋಶಗಳು. ಇವು ನರಕೋಶಗಳೇ ಇರಬೇಕು ಅಂದುಕೊಂಡು, ಚಿತ್ರ ಸಮೇತ ಪ್ರಕಟಿಸಿದ.

ಮರುವರ್ಷವೇ ಮೇದೋಜೀರಕ ಗ್ರಂಥಿಯಲ್ಲಿ ಬೇರೆಯೇ ಬಗೆಯ ಕೋಶಗಳ ಗುಂಪುಗಳನ್ನು ವಿವರಿಸಿದ. ಅವುಗಳ ಕೆಲಸ ಏನು ಅಂತ ಅವನಿಗೆ ಗೊತ್ತಾಗಲಿಲ್ಲ. ಇನ್ಸುಲಿನ್ ಬರೋದು ಅಲ್ಲಿಂದಲೇ ಅನ್ನೋದು ಬಹಳ ತಡವಾಗಿ ತಿಳಿಯಿತು. ಅಷ್ಟರಲ್ಲಿ ಅವನಿಗೆ ಕ್ಷಯ ಅಂಟಿತ್ತು. ಒಳ್ಳೆಯ ಹವೆಗಾಗಿ ಮಡೈರಾ ದ್ವೀಪಕ್ಕೆ ಹೋಗಿ, ಅಲ್ಲೇ ವೈದ್ಯನಾಗಿ ಕೆಲಸ ಮಾಡುತ್ತಾ, ಸಮುದ್ರದ ಹುಳುಗಳನ್ನು ಅಧ್ಯಯನ ಮಾಡುತ್ತಾ ಇದ್ದುಬಿಟ್ಟ. 1888ರಲ್ಲಿ ತೀರಿಕೊಂಡಾಗ ನಲವತ್ತೊಂದು ತುಂಬಲು ಐದೇ ದಿನ ಬಾಕಿ.

ಮುಂದೆ ಬಂದವರು 'ಇದು ನರವಲ್ಲ' ಅಂದರು. ಹಾಗಾದರೆ ಮತ್ತೇನು? ಕೊಂಬೆಗಳಿರುವ ಇನ್ನೊಂದು ಕೋಶ ಮೆಲನೋಸೈಟು ತಾನೇ... ಇದು ಕೆಲಸ ಮುಗಿಸಿ ಸವೆದುಹೋದ ಮೆಲನೋಸೈಟು ಅಂತ ಹಲವರು ಷರಾ ಬರೆದರು. ಗೊತ್ತಿರುವ ಖಾನೆಯಲ್ಲಿ ತುರುಕಿದ ಮೇಲೆ ಹುಡುಕೋರು ಯಾರು!

1961ರಲ್ಲಿ ಬರ್ಬೆಕ್ ಮತ್ತು ಸಂಗಡಿಗರು ತೊನ್ನಿನ ಚರ್ಮವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಈ ಕೋಶಗಳೊಳಗೆ ಮಾತ್ರ ಕಾಣುವ, ಕೆಲವೊಮ್ಮೆ ಟೆನಿಸ್ ರ್‍ಯಾಕೆಟ್ಟಿನ ಆಕಾರದ ಸಣ್ಣ ಕಣಗಳು ಸಿಕ್ಕವು. ಇದರಿಂದ ಕೋಶಕ್ಕೊಂದು ಗುರುತು ಸಿಕ್ಕಿತು. 1968ರಲ್ಲಿ ಬ್ರೆತ್ನಾಕ್ ಮತ್ತಿತರರು ಮೆಲನೋಸೈಟುಗಳ ಮೂಲವನ್ನೇ ತೆಗೆದುಹಾಕಿ ಬೆಳೆಸಿದ ಇಲಿಯ ಚರ್ಮದಲ್ಲೂ ಇವನ್ನು ಕಂಡರು. ಸವೆದ ಮೆಲನೋಸೈಟು ಅನ್ನೋ ವಾದ ಅಲ್ಲಿಗೆ ಬಿತ್ತು. ಲಾಂಗರ್‌ಹಾನ್ಸ್ ಚಿತ್ರ ಬರೆದು ಸರಿಯಾಗಿ ನೂರು ವರ್ಷ!

1973ರಲ್ಲಿ ಇಂಗಾ ಸಿಲ್ಬರ್‌ಬರ್ಗ್ ಚರ್ಮದ ಅಲರ್ಜಿಯಲ್ಲಿ ಈ ಕೋಶಗಳಿಗೆ ಬಿಳಿರಕ್ತಕಣಗಳು ಆತುಕೊಂಡಿರುವುದನ್ನು ತೋರಿಸಿದರು. ಅದೇ ವರ್ಷ ರಾಲ್ಫ್ ಸ್ಟೈನ್‌ಮನ್ ಇಲಿಯ ಗುಲ್ಮದಲ್ಲಿ ಇಂಥದ್ದೇ ಕೊಂಬೆಗಳುಳ್ಳ ಕೋಶಗಳನ್ನು ವಿವರಿಸಿದರು. 1985ರಲ್ಲಿ ಷೂಲರ್ ಜೊತೆ ಸೇರಿ ಎರಡೂ ಒಂದೇ ಕುಟುಂಬದವು ಅಂತ ತೋರಿಸಿದರು. ಹೊರಗಿನಿಂದ ನುಗ್ಗಿದ್ದರ ಚೂರನ್ನು ಹಿಡಿದು, ದುಗ್ಧಗ್ರಂಥಿಗೆ ಒಯ್ದು, ರೋಗನಿರೋಧಕ ವ್ಯವಸ್ಥೆಗೆ ಸುದ್ದಿ ಮುಟ್ಟಿಸುವ ಕಾವಲುಗಾರರು ಇವು. ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಘೋಷಣೆಯಾಯಿತು. ಅವರು ಮೂರು ದಿನ ಮೊದಲೇ ತೀರಿಕೊಂಡಿದ್ದರು.

ಲಾಂಗರ್‌ಹಾನ್ಸನ ವಿವರಣೆ ತಪ್ಪಾಯಿತು, ಆದರೆ ಅವನು ಕಂಡದ್ದನ್ನು ಕಂಡ ಹಾಗೇ ಬರೆದಿಟ್ಟಿದ್ದ. ಹೆಸರು ಉಳಿದದ್ದು ಅದರಿಂದ.

ಇನ್ನೊಂದು ಮಾತು. ಬಣ್ಣದ ಕೋಶ ಅಳಿದ ತೊನ್ನಿನ ಚರ್ಮದಲ್ಲೂ ಈ ಕಾವಲುಗಾರ ಇದ್ದ, ಇದ್ದಾನೆ. ತೊನ್ನು ಅಂಟುವುದಿಲ್ಲ, ಅದಕ್ಕೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ಆದರೂ 'ಶ್ವೇತಕುಷ್ಠ' ಅಂತ ಹೆಸರಿಟ್ಟು ನಾವು ಎಷ್ಟು ಜನರನ್ನು ದೂರ ಕೂರಿಸಿದ್ದೇವೋ! ಸೂಕ್ಷ್ಮದರ್ಶಕ ಇದ್ದವರಿಗೆ ಬಣ್ಣದಾಚೆ ನೋಡಲು ನೂರು ವರ್ಷ ಬೇಕಾಯಿತು. ನಮಗೆ ಇನ್ನೆಷ್ಟು ಬೇಕೋ?