ರಕ್ತನಾಳದ ಉರಿಯೂತ ಮತ್ತು ಮಣಿಪಾಲದ ದಾರಿ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ರಕ್ತನಾಳಗಳ ಗೋಡೆಯಲ್ಲಿ ಉರಿಯೂತ ಎಬ್ಬಿಸಿ, ಆ ನಾಳಗಳನ್ನು ನೆಚ್ಚಿದ ಮೂಗು, ಶ್ವಾಸಕೋಶ, ಮೂತ್ರಪಿಂಡ, ಚರ್ಮ, ನರಗಳನ್ನು ಕೆಡಿಸುವ ಕಾಯಿಲೆಗಳ ಗುಂಪಿಗೆ ವ್ಯಾಸ್ಕುಲೈಟಿಸ್ ಎಂದು ಹೆಸರು. ಇದನ್ನು ಖಚಿತಪಡಿಸಲು ಬೇಕಾದ ಬಯಾಪ್ಸಿ, ಅಂದರೆ ಅಂಗಾಂಶದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆ, ಮತ್ತು ಹಲವು ಅಂಗಗಳ ತಜ್ಞರು ಒಟ್ಟಾಗಿ ಕೊಡಬೇಕಾದ ಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯ ಅಳವಿಗೆ ಮೀರಿದವಾದ್ದರಿಂದ, ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಈ ಕಾಯಿಲೆಯ ಚರಿತ್ರೆ ರೋಗಿಯನ್ನು ದಕ್ಷಿಣಕ್ಕೆ ಒಯ್ಯುವ ರೂಢಿಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ.

ಆ ರೂಢಿ ಬಹು ಹಳೆಯದೇನಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತ್ಯದಿಂದ ಮುಂಬಯಿಗೆ ಸೇರಿದ ಮೇಲೆ ಭಟ್ಕಳದ ದಕ್ಷಿಣಕ್ಕಿರುವ ಶಿರೂರು ಎರಡು ಪ್ರಾಂತ್ಯಗಳ ಗಡಿಯ ಊರಾಯಿತು. 1848ರಷ್ಟು ಹಿಂದೆಯೇ ಆರಂಭವಾಗಿದ್ದ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಆ ಗಡಿಯ ಆಚೆಗೆ ಉಳಿಯಿತು. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿ, 1956ರಲ್ಲಿ ಉತ್ತರ, ದಕ್ಷಿಣ ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಒಂದಾದ ನಂತರ, ಭಟ್ಕಳದಿಂದ ಸುಮಾರು 90, ಕುಮಟಾದಿಂದ ಸುಮಾರು 150 ಕಿಲೋಮೀಟರ್ ದೂರದ ಈ ಊರು, ಜಿಲ್ಲಾ ಕೇಂದ್ರ ಕಾರವಾರವನ್ನೂ ಹಿಂದಿಕ್ಕಿ, ದೊಡ್ಡ ಕಾಯಿಲೆಗಳ ಕೊನೆಯ ಆಸರೆಯಾಯಿತು.

ವಿಚಿತ್ರವೆಂದರೆ, ದಾರಿ ತೆರೆದಾಗ ಮದ್ದಿರಲಿಲ್ಲ. 1866ರಲ್ಲಿ ಜರ್ಮನಿಯ ಕುಸ್‌ಮೌಲ್ ಮತ್ತು ಮಾಯರ್ ಅವರು ತರುಣ ದರ್ಜಿಯೊಬ್ಬನ ಶವಪರೀಕ್ಷೆಯಲ್ಲಿ ಅಪಧಮನಿಗಳ ಉದ್ದಕ್ಕೂ ಗಂಟುಗಳನ್ನು ಕಂಡು ಈ ಗುಂಪಿನ ಒಂದು ಕಾಯಿಲೆಯನ್ನು ವರ್ಣಿಸಿದ್ದರು. ಮೂಗು, ಶ್ವಾಸಕೋಶ, ಮೂತ್ರಪಿಂಡಗಳನ್ನು ಹಿಡಿಯುವ, ಆಗ ವೆಗನರ್ ಹೆಸರಿನಲ್ಲಿದ್ದ ಬಗೆಯಲ್ಲಿ ರೋಗಿಗಳು ಸರಾಸರಿ ಐದು ತಿಂಗಳಷ್ಟೇ ಬದುಕುತ್ತಿದ್ದರೆಂದು 1958ರಲ್ಲಿ ವಾಲ್ಟನ್ ತೋರಿಸಿದರು. ಸ್ಟಿರಾಯ್ಡ್ ಜೊತೆ ಸೈಕ್ಲೊಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧವನ್ನು ಕೊಟ್ಟ ಅಮೆರಿಕದ ಫೌಚಿ ಮತ್ತು ಸಂಗಡಿಗರು 85 ರೋಗಿಗಳಲ್ಲಿ ಶೇ. 93ರಷ್ಟು ಮಂದಿಯ ರೋಗ ಹತೋಟಿಗೆ ಬಂದಿತೆಂದು 1983ರಲ್ಲಿ ವರದಿ ಮಾಡಿದರು. 1985ರಲ್ಲಿ, ಬಿಳಿ ರಕ್ತಕಣಗಳ ವಿರುದ್ಧವೇ ದೇಹ ತಯಾರಿಸುವ ಆಂಕಾ ಎಂಬ ಪ್ರತಿಕಾಯಕ್ಕೂ ಈ ರೋಗಕ್ಕೂ ಇರುವ ನಂಟು ಸ್ಪಷ್ಟವಾಯಿತು. ಅಂದರೆ ಮೊದಲ ದಶಕಗಳಲ್ಲಿ ಈ ಬಗೆಯ ರೋಗ ಹಿಡಿದು ಮಣಿಪಾಲ ತಲಪಿದವನಿಗೂ ತಲಪದವನಿಗೂ ಹೆಚ್ಚಿನ ಅಂತರವಿರಲಿಲ್ಲ. ಅಂತರ ಹುಟ್ಟಿದ ಮೇಲೆ ತಡವೇ ದೊಡ್ಡ ಶತ್ರುವಾಯಿತು, ಏಕೆಂದರೆ ಗಾಯಗೊಂಡು ಕಲೆಗಟ್ಟಿದ ಮೂತ್ರಪಿಂಡವನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು. ಕೆಮ್ಮಿದಾಗ ರಕ್ತ, ಜ್ವರ, ತೂಕನಷ್ಟ ಕಂಡೊಡನೆ ಕ್ಷಯವೆಂದೇ ಬಗೆದು ತಿಂಗಳುಗಟ್ಟಲೆ ಅದರ ಮಾತ್ರೆ ನುಂಗಿಸುವುದು ಭಾರತದಲ್ಲೆಲ್ಲ ಇಂಥ ತಡಕ್ಕೆ ಕಾರಣವಾಗಿದೆ. ಕ್ಷಯವೇ ಹೆಚ್ಚಿರುವ ನಾಡಿನಲ್ಲಿ ಈ ಊಹೆಯನ್ನು ಅಸಡ್ಡೆಯೆಂದು ಜರೆಯುವುದೂ ನ್ಯಾಯವಲ್ಲ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಅದೇ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತ ಮೇಲೆ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ದೊಡ್ಡ ಚಳವಳಿಯಾಯಿತು. ಬೇಡಿಕೆ ನ್ಯಾಯವಾದದ್ದೇ, ಆದರೆ ವ್ಯಾಸ್ಕುಲೈಟಿಸ್ ಮಟ್ಟಿಗೆ ಅಂಥ ಆಸ್ಪತ್ರೆ ಬರುವವರೆಗೂ ಕಾಯಬೇಕಾಗಿಲ್ಲದ ಕೆಲಸವೊಂದಿದೆ: ಕ್ಷಯದ ಔಷಧಕ್ಕೆ ಜಗ್ಗದ ಕೆಮ್ಮು, ವಾಸಿಯಾಗದ ಸೈನಸ್ ತೊಂದರೆ ಇರುವವರ ಮೂತ್ರದಲ್ಲಿ ರಕ್ತ ಮತ್ತು ಪ್ರೋಟೀನ್ ಇದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದು.