ಇನ್ನಾಸಪ್ಪ, ಚಿನ್ನಪ್ಪ, ಆರೋಗ್ಯಮ್ಮ: ನಮ್ಮ ಹೆಸರುಗಳೊಳಗಿನ ಸಂತರು



ದಕ್ಷಿಣ ಬೆಂಗಳೂರಿನ ಶ್ರೀನಗರದ ಸುತ್ತಮುತ್ತಲ ಬಡಾವಣೆಗಳ ಹೆಸರುಗಳನ್ನು ಒಮ್ಮೆ ನೆನೆದುಕೊಳ್ಳಿ. ಹನುಮಂತನಗರ, ಬಸವನಗುಡಿ, ಗವಿಪುರ, ಬನಶಂಕರಿ, ತ್ಯಾಗರಾಜನಗರ. ದೇವರ ಹೆಸರು, ದೇವರ ವಾಹನದ ಹೆಸರು, ದೇವರನ್ನು ಹಾಡಿದವರ ಹೆಸರು. ಇಲ್ಲಿಂದ ಬಸ್ಸು ಹತ್ತಿ ಮಾರುಕಟ್ಟೆಯನ್ನು ದಾಟಿ ಕಾರ್ಪೊರೇಷನ್ ಕಡೆಗೆ ಹೋದವರಿಗೆ ನೃಪತುಂಗ ರಸ್ತೆಯಲ್ಲಿ ಸಂತ ಮಾರ್ತಾ ಆಸ್ಪತ್ರೆ ಎದುರಾಗುತ್ತದೆ. ಇನ್ನೂ ಮುಂದೆ ಸೇಂಟ್ ಮಾರ್ಕ್ಸ್ ರಸ್ತೆ. ಮಡಿವಾಳದ ಕಡೆಗೆ ತಿರುಗಿದರೆ ಸೇಂಟ್ ಜಾನ್ಸ್ ಆಸ್ಪತ್ರೆ. ಈ ಹೆಸರುಗಳನ್ನು ಪ್ರತಿದಿನ ಸಾವಿರಾರು ಜನ ಉಚ್ಚರಿಸುತ್ತಾರೆ. ಆದರೆ ಆ ಹೆಸರಿನ ಹಿಂದಿರುವ ಸಂತರು ಯಾರೆಂದು ಕೇಳಿದರೆ ಉತ್ತರಿಸುವವರು ವಿರಳ. ನಮ್ಮಲ್ಲಿಯೂ ವಿರಳವೇ.

ಮಾರ್ತಾ ಆಸ್ಪತ್ರೆಯನ್ನೇ ತೆಗೆದುಕೊಳ್ಳೋಣ. 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಅದನ್ನು ಆರಂಭಿಸಿದರು. ಬೆಥಾನಿಯದ ಮಾರ್ತಾ ಮನೆಗೆ ಬಂದ ಪ್ರಭುವಿಗೆ ಉಣಬಡಿಸಲು ಓಡಾಡಿ ದಣಿದವಳು. ತಮ್ಮನ ಸಾವಿನ ದುಃಖದಲ್ಲಿಯೂ ಪ್ರಭುವಿನಲ್ಲಿ ತನಗಿದ್ದ ವಿಶ್ವಾಸವನ್ನು ನುಡಿದವಳು. ರೋಗಿಯ ಹಾಸಿಗೆಯ ಬಳಿ ರಾತ್ರಿಯಿಡೀ ಓಡಾಡುವ ದಾದಿಯರ ಮನೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಹೆಸರಿಟ್ಟವರು ಆಲೋಚಿಸಿಯೇ ಇಟ್ಟಿದ್ದರು. ಆ ಆಲೋಚನೆಯನ್ನು ಮರೆತವರು ನಾವು.

ಸಂತರ ಹೆಸರು ಎರಡು ಬಗೆಯಲ್ಲಿ ಉಳಿಯುತ್ತದೆ. ಒಂದು, ಫಲಕದ ಮೇಲೆ. ಇನ್ನೊಂದು, ನಾಲಿಗೆಯ ಮೇಲೆ. ಈ ಎರಡರ ವ್ಯತ್ಯಾಸವನ್ನು ತಿಳಿಯಲು ನಮ್ಮ ಕರಾವಳಿಗೆ ಹೋಗಬೇಕು. ಮಲ್ಪೆಯ ಎದುರಿಗೆ ಕಡಲಿನಲ್ಲಿ ಸೇಂಟ್ ಮೇರಿಸ್ ದ್ವೀಪಗಳಿವೆ. 1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಇಲ್ಲಿ ಇಳಿದು, ಕಲ್ಲಿನ ಶಿಲುಬೆ ಸ್ತಂಭವೊಂದನ್ನು ನಿಲ್ಲಿಸಿ, ಮಾತೆ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. ದ್ವೀಪದ ಕಂಬದಂತಹ ಶಿಲೆಗಳನ್ನು ನೋಡಲು ಇಂದು ಪ್ರವಾಸಿಗರು ದೋಣಿಯೇರಿ ಹೋಗುತ್ತಾರೆ. ಆದರೆ ಆ ತೀರದವರ ಬಾಯಲ್ಲಿ ಅದಕ್ಕೆ ತೋನ್ಸೆಪಾರ್ ಎಂಬ ಸ್ವಂತ ಹೆಸರೇ ಇದೆ. ಕಡಲಿನಿಂದ ಬಂದವನು ಇಟ್ಟ ಹೆಸರು ನಕಾಶೆಗೆ ಸೇರಿತು.

ಅದೇ ಮರಿಯಳ ಹೆಸರು ನಮ್ಮ ಹಳ್ಳಿಗಳಲ್ಲಿ ಹೇಗೆ ಉಳಿದಿದೆ ನೋಡಿ. ಮರಿಯಪ್ಪ, ಮರಿಯಮ್ಮ, ಮರಿಯಣ್ಣ. ವೇಳಾಂಕಣ್ಣಿಯ ಆರೋಗ್ಯಮಾತೆಯಿಂದ ಆರೋಗ್ಯಪ್ಪ, ಆರೋಗ್ಯಮ್ಮ, ಆರೋಗ್ಯಸ್ವಾಮಿ. 1858ರಲ್ಲಿ ಫ್ರಾನ್ಸ್ ದೇಶದ ಲೂರ್ದಿನಲ್ಲಿ ಮಾತೆ ದರ್ಶನವಿತ್ತ ಮೇಲೆ ಆ ಊರಿನ ಹೆಸರೇ ನಮ್ಮಲ್ಲಿ ಮನುಷ್ಯರ ಹೆಸರಾಯಿತು: ಲೂರ್ದುಸ್ವಾಮಿ, ಲೂರ್ದಮ್ಮ. ಬೆಂಗಳೂರು ಮಹಾಧರ್ಮಕ್ಷೇತ್ರವನ್ನು 1968ರಿಂದ 1971ರವರೆಗೆ ನಡೆಸಿ, 1985ರಲ್ಲಿ ಕಾರ್ಡಿನಲ್ ಪದವಿಗೇರಿದವರು ಸೈಮನ್ ಲೂರ್ದುಸ್ವಾಮಿಯವರು. ಅವರ ಅನಂತರ 1986ರವರೆಗೆ ಮಹಾಧರ್ಮಾಧ್ಯಕ್ಷರಾಗಿದ್ದವರು ಆರೋಗ್ಯಸ್ವಾಮಿಯವರು. ಹೀಗೆ ಮಾತೆ ಮರಿಯಳ ಎರಡು ಹೆಸರುಗಳು ಒಂದರ ಹಿಂದೆ ಒಂದರಂತೆ ನಮ್ಮ ಮಹಾಧರ್ಮಕ್ಷೇತ್ರದ ಪೀಠದಲ್ಲಿ ಕುಳಿತಿದ್ದವು.

ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿಯವರು ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮೋಪದೇಶದ ಬರಹಗಳನ್ನು ರಚಿಸಿದವರು. ಅಂತಹ ಗುರುಗಳ ಕಾಲದಿಂದ ಹರಿದು ಬಂದ ಪರಂಪರೆಯಲ್ಲಿ ಸಂತರ ಹೆಸರುಗಳು ಈ ನೆಲದ ಉಡುಗೆಯನ್ನು ತೊಟ್ಟವು. ಪೋರ್ಚುಗೀಸರ ಇನಾಸಿಯೊ ನಮ್ಮಲ್ಲಿ ಇನ್ನಾಸಪ್ಪನಾದ. ಫ್ರಾನ್ಸಿಸ್ ಕ್ಸೇವಿಯರ್ ಸವೇರಿಯಪ್ಪನಾಗಿ, ಚೌರಪ್ಪನಾದ. ಅಂತೋನಿಯೊ ಅಂತೋಣಪ್ಪನಾದ. ಪ್ರೇಷಿತ ಯಾಕೋಬನ ಸ್ಪೇನಿನ ಹೆಸರು ಸಾಂತಿಯಾಗೊ. ಅದು ನಮ್ಮಲ್ಲಿ ಸಂತಿಯಾಗಪ್ಪನಾಯಿತು. ಸಾಂತಿಯಾಗೊ ಎಂಬ ಪದದೊಳಗೇ ‘ಸಂತ’ ಇದ್ದಾನೆ. ಆದ್ದರಿಂದ ನಾವು ಸಂತ ಸಂತಿಯಾಗಪ್ಪ ಎಂದಾಗ ಆತನನ್ನು ಎರಡು ಬಾರಿ ಸಂತನೆಂದು ಕರೆದಂತಾಗುತ್ತದೆ! ಕರಾವಳಿಯ ಕೊಂಕಣಿ ಮನೆಗಳಲ್ಲಿಯೂ ಇದೇ ಕೆಲಸ ನಡೆಯಿತು: ಪೇತ್ರ ಪೆದ್ರುವಾದ, ಯೊವಾನ್ನ ಜುವಾಂವ್ ಆದ, ಸೆಬಾಸ್ತಿಯನ್ ಬಸ್ತ್ಯಾಂವ್ ಆದ.

ಇನ್ನು ಕೆಲವು ಹೆಸರುಗಳಲ್ಲಿ ಧ್ವನಿ ಮಾತ್ರವಲ್ಲ, ಅರ್ಥವೇ ಭಾಷಾಂತರವಾಗಿದೆ. ಪ್ರಭು ಯೇಸು ಸಿಮೋನನಿಗೆ ಬಂಡೆ ಎಂಬರ್ಥದ ಹೊಸ ಹೆಸರನ್ನು ಕೊಟ್ಟರು. ತೆಲುಗಿನಲ್ಲಿ ‘ರಾಯಿ’ ಎಂದರೆ ಕಲ್ಲು. ನಮ್ಮ ಹಿರಿಯರಿಗೆ ಪೇತ್ರನೆಂದರೆ ರಾಯಪ್ಪ. ಲತೀನಿನಲ್ಲಿ ಪೌಲ ಎಂದರೆ ಚಿಕ್ಕವನು. ತಮಿಳಿನಲ್ಲಿ ಚಿಕ್ಕದ್ದಕ್ಕೆ ‘ಚಿನ್ನ’ ಎನ್ನುತ್ತಾರೆ. ಹಾಗಾಗಿ ಪೌಲನು ಚಿನ್ನಪ್ಪನಾದ. ಕನ್ನಡದ ಕಿವಿಗೆ ಅದು ಬಂಗಾರವಾಗಿ ಕೇಳಿಸಿತು. ತನ್ನನ್ನು ಪ್ರೇಷಿತರಲ್ಲಿ ಅತ್ಯಲ್ಪನೆಂದು ಕರೆದುಕೊಂಡವನು ಹೀಗೆ ಚಿನ್ನವಾದದ್ದು ಸೊಗಸೇ ಸರಿ. ಯೊವಾನ್ನ ಎಂದರೆ ದೇವರು ಕೃಪಾಳು ಎಂದರ್ಥ. ತಮಿಳಿನ ‘ಅರುಳ್’ ಎಂದರೆ ಕೃಪೆ. ಆತ ಅರುಳಪ್ಪನಾದ.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಒಂದೇ ಓಣಿಯಲ್ಲಿ ರಾಯಪ್ಪ, ಚಿನ್ನಪ್ಪ, ಇನ್ನಾಸಪ್ಪ ಎಂಬ ಮೂವರು ಹಿರಿಯರಿದ್ದರೆ, ಅಲ್ಲಿ ತೆಲುಗು, ತಮಿಳು, ಪೋರ್ಚುಗೀಸ್ ಮೂರೂ ಕನ್ನಡದ ಮನೆಯಂಗಳದಲ್ಲಿ ಕುಳಿತಿವೆ. ಭಾಷೆಯ ಹೆಸರಿನಲ್ಲಿ ಪೂಜೆಯ ವೇಳೆಗಾಗಿ ಜಗಳಾಡಿದ ನೋವು ನಮ್ಮ ಧರ್ಮಸಭೆಗೆ ಹೊಸದಲ್ಲ. ಹಾಗೆ ಜಗಳಾಡಿದವರ ಹೆಸರುಗಳೇ ಈ ಭಾಷೆಗಳ ನೆಂಟಸ್ತಿಕೆಗೆ ಸಾಕ್ಷಿಯಾಗಿದ್ದವು ಎಂಬುದನ್ನು ನಾವು ಗಮನಿಸಲೇ ಇಲ್ಲ.

ಈ ಎಲ್ಲ ಹೆಸರುಗಳ ಕೊನೆಯಲ್ಲಿರುವ ‘ಅಪ್ಪ’, ‘ಅಮ್ಮ’ ಎಂಬ ಪದಗಳನ್ನೂ ನೋಡಿ. ಕನ್ನಡಿಗರಿಗೆ ಪೂಜ್ಯರು ದೂರದವರಲ್ಲ, ಮನೆಯ ಹಿರಿಯರು. ಮಲೆಯ ಮಹದೇಶ್ವರನು ಮಾದಪ್ಪನಾದ. ಕಲ್ಯಾಣ ಕರ್ನಾಟಕದ ಹಿಂದೂ ಮನೆಗಳಲ್ಲಿ ಸೂಫಿಗಳ ನೆನಪಿಗೆ ಫಕೀರಪ್ಪ, ಹುಸೇನಪ್ಪ, ಮೌಲಪ್ಪರು ಹುಟ್ಟಿದರು. ಇನ್ನಾಸಪ್ಪನು ಈ ಸಾಲಿನಲ್ಲಿ ಸಹಜವಾಗಿ ನಿಲ್ಲುತ್ತಾನೆ. ಸ್ಪೇನಿನ ಲೊಯೊಲದಲ್ಲಿ ಹುಟ್ಟಿದ ಆ ಸೈನಿಕನನ್ನು ನಮ್ಮ ಅಜ್ಜಿಯರು ಅಪ್ಪ ಎಂದು ಕರೆದು ಒಳಗೆ ಕರೆದುಕೊಂಡರು. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಲಿಲ್ಲ.

ಹೆಸರೊಂದನ್ನು ಬಿಟ್ಟು ಬೇರೇನೂ ಉಳಿಯದಿದ್ದರೂ ಭಕ್ತಿಗೆ ಅದೇ ಸಾಕಾಗುತ್ತದೆ ಎಂಬುದಕ್ಕೆ ಮೈಸೂರು ಸಾಕ್ಷಿ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಎಳೆಯ ಹುಡುಗಿಯೊಬ್ಬಳ ಅಸ್ಥಿಗಳು ದೊರೆತವು. ಸಮಾಧಿಯನ್ನು ಮುಚ್ಚಿದ್ದ ಮೂರು ಹೆಂಚುಗಳ ಅಕ್ಷರಗಳು ಹಿಂದುಮುಂದಾಗಿದ್ದವು. ಅವನ್ನು ಸರಿಯಾಗಿ ಜೋಡಿಸಿದಾಗ ಫಿಲೋಮಿನಾ ಎಂಬ ಹೆಸರು ಮೂಡಿತು. ಆಕೆಯ ಬಗ್ಗೆ ಇತಿಹಾಸಕ್ಕೆ ಸಿಕ್ಕಿದ್ದು ಅಷ್ಟೇ. ಮೈಸೂರಿನಲ್ಲಿ ಆಕೆಯ ಹೆಸರಿನ ಭವ್ಯ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲಿಟ್ಟವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು. 1961ರಲ್ಲಿ ರೋಮ್ ಆಕೆಯ ಹಬ್ಬವನ್ನು ಆರಾಧನಾ ಪಂಚಾಂಗಗಳಿಂದ ತೆಗೆಯಲು ಸೂಚಿಸಿತು. ಮೈಸೂರಿನ ಜನ ಹೆಸರನ್ನು ಕೈಬಿಡಲಿಲ್ಲ. ಇಂದಿಗೂ ಎಲ್ಲ ಮತದವರು ಆ ದೇವಾಲಯದಲ್ಲಿ ಮೇಣದಬತ್ತಿ ಹಚ್ಚಿ ಕೈಮುಗಿಯುತ್ತಾರೆ.

ಹಾಗಾದರೆ ಇಂದು ನಮ್ಮ ಮನೆಗಳ ಸ್ಥಿತಿಯೇನು? ಹಿಂದೆ ಮಗು ಹುಟ್ಟಿದರೆ ಅಂದಿನ ಸಂತರ ಹಬ್ಬ ಯಾವುದೆಂದು ನೋಡುವ ವಾಡಿಕೆಯಿತ್ತು. ನಮ್ಮ ಹೆಮ್ಮೆಯ ಕಾದಂಬರಿಕಾರ ನಾ. ಡಿಸೋಜರು ಹುಟ್ಟಿದ್ದು 1937ರ ಜೂನ್ 6ರಂದು. ಅದು ಸಂತ ನೊರ್ಬರ್ಟರ ಹಬ್ಬದ ದಿನ. ಕನ್ನಡಿಗರೆಲ್ಲರೂ ಬಲ್ಲ ಆ ‘ನಾ.’ ಎಂಬ ಒಂದಕ್ಷರದಲ್ಲಿ ಅಡಗಿರುವುದು ನೊರ್ಬರ್ಟ್ ಎಂಬ ಹೆಸರೇ. 1917ರ ಧರ್ಮಸಭೆಯ ಕಾನೂನು ಮಗುವಿಗೆ ಕ್ರೈಸ್ತ ಹೆಸರನ್ನೇ ಇಡುವಂತೆ ನೋಡಿಕೊಳ್ಳುವ ಹೊಣೆಯನ್ನು ಗುರುಗಳಿಗೆ ವಹಿಸಿತ್ತು. 1983ರ ಹೊಸ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡಬಾರದೆಂದಷ್ಟೇ ಹೇಳುತ್ತದೆ. ಇದು ಸ್ವಾಗತಾರ್ಹವೇ. ಕಿರಣ, ಜ್ಯೋತಿ, ಕರುಣ ಎಂಬ ಹೆಸರುಗಳು ಶುಭಸಂದೇಶಕ್ಕೆ ಹೊರಗಿನವಲ್ಲ.

ಕೊರಗಿರುವುದು ಬೇರೆಡೆ. ಅಜ್ಜ ಇನ್ನಾಸಪ್ಪನಾಗಿದ್ದ, ಮಗ ಇಗ್ನೇಷಿಯಸ್ ಆದ, ಮೊಮ್ಮಗನಿಗೆ ಆ ಎರಡೂ ಹೆಸರು ಬೇಡವಾಯಿತು. ಶಾಲೆಯಲ್ಲಿ ನಗುತ್ತಾರೆ, ಕಚೇರಿಯಲ್ಲಿ ಉಚ್ಚರಿಸಲು ಕಷ್ಟ ಎಂಬುದು ಕಾರಣ. ನಾವು ನಾಚಿ ಬಚ್ಚಿಟ್ಟದ್ದು ಸಂತನ ಹೆಸರನ್ನಲ್ಲ. ಆ ಸಂತನನ್ನು ನಮ್ಮವನನ್ನಾಗಿಸಿದ್ದ ‘ಅಪ್ಪ’ ಎಂಬ ಪದವನ್ನು.

2025ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದಲ್ಲಿ, ಶಿವಾಜಿನಗರದ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿಯ ಹೆಸರನ್ನು ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಒಡನೆಯೇ ವಾದವಿವಾದಗಳು ಎದ್ದವು. ನಮ್ಮಲ್ಲಿ ಕೆಲವರು ಸಂತೋಷಪಟ್ಟರು, ಹೊರಗೆ ಕೆಲವರು ನೊಂದುಕೊಂಡರು. ಆ ವಿವಾದದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಈ ಬರಹದ ಉದ್ದೇಶವಲ್ಲ. ಒಂದು ಪ್ರಶ್ನೆಯನ್ನು ಮಾತ್ರ ನಮಗೆ ನಾವೇ ಕೇಳಿಕೊಳ್ಳಬೇಕು. ಫಲಕದ ಮೇಲೆ ಮಾತೆಯ ಹೆಸರು ಬರಲೆಂದು ಬಯಸುವ ನಾವು, ಮನೆಯಲ್ಲಿದ್ದ ಮರಿಯಮ್ಮ, ಆರೋಗ್ಯಮ್ಮರನ್ನು ಹಳೆಯ ಹೆಸರೆಂದು ಬದಿಗಿಡಲಿಲ್ಲವೇ?

ಸ್ನಾನಿಕ ಯೊವಾನ್ನನಿಗೆ ಹೆಸರಿಡುವ ದಿನವೂ ನೆಂಟರು ಆಕ್ಷೇಪಿಸಿದ್ದರು. ಬಂಧುಬಳಗದಲ್ಲಿ ಯಾರಿಗೂ ಇಲ್ಲದ ಹೆಸರು ಏಕೆಂಬುದು ಅವರ ಪ್ರಶ್ನೆಯಾಗಿತ್ತು. ಮಾತು ನಿಂತಿದ್ದ ತಂದೆ ಜಕರೀಯ ಹಲಗೆಯನ್ನು ತರಿಸಿ ಆ ಹೆಸರನ್ನೇ ಬರೆದು ತೋರಿಸಿದ. ಒಡನೆಯೇ ಅವನ ನಾಲಿಗೆ ಸಡಿಲಗೊಂಡಿತು. ಹೆಸರಿಡುವುದೆಂದರೆ ಒಂದು ವಿಶ್ವಾಸವನ್ನು ಬಾಯಿಬಿಟ್ಟು ಹೇಳುವುದು.

ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಹಿರಿಯರೊಬ್ಬರ ಬಳಿ ಕುಳಿತು ಮೂರು ತಲೆಮಾರಿನ ಹೆಸರುಗಳನ್ನು ಬರೆದುಕೊಳ್ಳಿ. ಮರೆತಿದ್ದರೆ ನಿಮ್ಮ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆಗಳಲ್ಲಿ ಅವು ಸಿಗಬಹುದು. ವಿಚಾರಣಾ ಗುರುಗಳನ್ನು ಕೇಳಿ. ಪ್ರತಿ ಹೆಸರಿನ ಎದುರಿಗೆ ಅದರ ಸಂತ ಯಾರು, ಹಬ್ಬ ಎಂದು ಎಂಬುದನ್ನು ಗುರುತಿಸಿ. ನಿಮ್ಮ ಮಗುವಿನ ಹೆಸರು ಏನೇ ಇರಲಿ, ಅದರ ಜೊತೆಗೆ ಆ ಅಜ್ಜನ ಹೆಸರನ್ನೂ ಮಗುವಿಗೆ ಹೇಳಿಕೊಡಿ. ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ನಾವು ನಂಬಿದ್ದೇವೆ. ಅವನು ಅಜ್ಜನನ್ನು ಇನ್ನಾಸಪ್ಪ ಎಂದೇ ಕರೆದಿರುತ್ತಾನೆ. ಆ ಕರೆಗೆ ಓಗೊಟ್ಟವರ ಮಕ್ಕಳು ನಾವು.