ಬೆರೆಜಿನಾ ನದಿಯ ಎರಡು ಸೇತುವೆಗಳು

ಕ್ರಿ. ಶ. ೧೮೧೨ನೆಯ ಜೂನ್ ತಿಂಗಳಲ್ಲಿ ಫ್ರೆಂಚ್ ಚಕ್ರವರ್ತಿಯಾದ ನೆಪೋಲಿಯನ್ನನು ನಾಲ್ಕು ಲಕ್ಷಕ್ಕೂ ಮಿಕ್ಕ ಸೈನ್ಯದೊಡನೆ ರಷ್ಯಾ ಸಾಮ್ರಾಜ್ಯವನ್ನು ಹೊಕ್ಕನು. ಮಾಸ್ಕೋ ನಗರವು ಕೈವಶವಾದರೂ ಝಾರ್ ಅಲೆಕ್ಸಾಂಡರನು ಸಂಧಿಗೆ ಒಡಂಬಡಲಿಲ್ಲ. ಅಕ್ಟೋಬರ್ ೧೯ರಂದು ಹಿಂದಿರುಗಹೊರಟ ದಂಡು ಹಸಿವಿನಿಂದಲೂ ಚಳಿಯಿಂದಲೂ ಕೊಸಾಕರ ಹಾವಳಿಯಿಂದಲೂ ದಿನದಿನಕ್ಕೆ ಕರಗುತ್ತ, ನವೆಂಬರಿನ ಕಡೆಯ ಭಾಗದಲ್ಲಿ, ಈಗ ಬೆಲಾರೂಸ್ ಎನಿಸಿಕೊಳ್ಳುವ ನಾಡಿನ ಬೆರೆಜಿನಾ ನದಿಯನ್ನು ಸಮೀಪಿಸಿತು.

ಅಲ್ಲಿ ಬೋರಿಸೋವ್ ಪಟ್ಟಣದ ಸೇತುವೆಯನ್ನು ರಷ್ಯನರು ಸುಟ್ಟುಬಿಟ್ಟಿದ್ದರು. ಎದುರುದಡದಲ್ಲಿ ಚಿಚಾಗೋವನು, ಉತ್ತರದಿಂದ ವಿಟ್ಗೆನ್‌ಸ್ಟೈನನು, ಬೆನ್ನ ಹಿಂದೆ ಕುಟುಜೋವನು. ನದಿಯು ಹೆಪ್ಪುಗಟ್ಟಿದ್ದರೆ ಕಾಲ್ನಡೆಯಿಂದಲೇ ದಾಟಬಹುದಾಗಿತ್ತು; ಆದರೆ ಚಳಿಯು ನಡುವೆ ಸಡಿಲಿದುದರಿಂದ ನೀರು ಮಂಜುಗಡ್ಡೆಗಳನ್ನು ಹೊತ್ತು ಹರಿಯುತ್ತಿತ್ತು. ಕೆಲವೇ ದಿನಗಳ ಹಿಂದೆ ಓರ್ಷಾದಲ್ಲಿ, ಕುದುರೆಗಳು ಫಿರಂಗಿಗಳಿಗೆ ಬೇಕೆಂದು, ದೋಣಿಸೇತುವೆಯ ಸಾಮಗ್ರಿಯನ್ನು ಸುಡಲು ಚಕ್ರವರ್ತಿಯೇ ಆಜ್ಞಾಪಿಸಿದ್ದನು. ದೋಣಿಗಳು ಬೂದಿಯಾದುವು. ಆದರೆ ಸೇತುವೆಗಾರರ ನಾಯಕನಾದ ಜನರಲ್ ಎಬ್ಲೆಯು ಎರಡು ಕುಲುಮೆಗಳನ್ನೂ, ಇದ್ದಿಲು, ಮೊಳೆ, ಉಪಕರಣಗಳ ಕೆಲವು ಬಂಡಿಗಳನ್ನೂ ಉಳಿಸಿಕೊಂಡಿದ್ದನು. ಸೈನ್ಯದ ಪ್ರಾಣವು ಆ ಬಂಡಿಗಳಲ್ಲಿ ನಿಂತಿತ್ತು.

ಬೋರಿಸೋವಿನ ದಕ್ಷಿಣಕ್ಕೆ ದಾಟುವಂತೆ ನಟಿಸಿ ಫ್ರೆಂಚರು ಚಿಚಾಗೋವನನ್ನು ವಂಚಿಸಿದರು. ನಿಜವಾದ ಕೆಲಸವು ಉತ್ತರದ ಸ್ಟುಡ್ಯಾಂಕಾ ಎಂಬ ಹಳ್ಳಿಯಲ್ಲಿ ನಡೆಯಿತು. ಅಲ್ಲಿಯ ಮನೆಗಳನ್ನು ಕಿತ್ತು ಮರಮುಟ್ಟನ್ನು ಒದಗಿಸಿದರು. ಫ್ರೆಂಚರೂ ಡಚ್ಚರೂ ಆದ ಸುಮಾರು ೪೦೦ ಸೇತುವೆಗಾರರು ನವೆಂಬರ್ ೨೬ರಂದು ಭುಜದವರೆಗಿನ ಹಿಮಜಲದಲ್ಲಿ ನಿಂತು, ಕಾಲಾಳುಗಳಿಗೊಂದು, ಫಿರಂಗಿಬಂಡಿಗಳಿಗೊಂದು, ಹೀಗೆ ಎರಡು ಸೇತುವೆಗಳನ್ನು ಕಟ್ಟಿದರು. ಬಂಡಿಗಳ ಭಾರಕ್ಕೆ ಸೇತುವೆಯು ಮುರಿದಾಗಲೆಲ್ಲ ಅವರು ಮತ್ತೆ ನೀರಿಗಿಳಿದರು. ಅವರಲ್ಲಿ ಬದುಕಿ ಮನೆ ಸೇರಿದವರು ಬಹು ವಿರಳ.

೨೭ರಂದು ಚಕ್ರವರ್ತಿಯು ದಾಟಿದನು. ೨೮ರಂದು ಎರಡು ದಡಗಳಲ್ಲಿಯೂ ಘೋರಯುದ್ಧವಾಯಿತು. ಫಿರಂಗಿಗುಂಡುಗಳಿಗೆ ಬೆದರಿದ ಜನರು ಸೇತುವೆಗಳ ಬಾಯಲ್ಲಿ ಒಬ್ಬರನ್ನೊಬ್ಬರು ತುಳಿದರು. ಆ ರಾತ್ರಿ ಹಿಂಗಾವಲಿನ ಮಾರ್ಷಲ್ ವಿಕ್ಟರನ ಪಡೆಯೂ ದಾಟಿದ ಮೇಲೆ ಹಾದಿಯು ತೆರವಾಯಿತು. ಗಾಯಗೊಂಡವರು, ಪಡೆಯಿಂದ ಚೆದರಿದವರು, ಹೆಂಗಸರು, ಮಕ್ಕಳು ಸಾವಿರಾರು ಮಂದಿ ಇನ್ನೂ ಪೂರ್ವದಡದಲ್ಲಿದ್ದರು. ಈಗಲೇ ದಾಟಿರೆಂದು ಎಬ್ಲೆಯು ಎಷ್ಟು ಬೇಡಿದರೂ, ದಣಿವಿನಿಂದ ಜಡವಾದ ಆ ಜನರು ಬೆಂಕಿಯ ಬಳಿಯಿಂದ ಏಳಲಿಲ್ಲ. ಬೆಳಗಾದ ಮೇಲೆ, ಆಜ್ಞೆಯ ಹೊತ್ತು ಮೀರಿದರೂ, ಆತನು ಕೆಲಕಾಲ ಕಾದನು. ಶತ್ರುವು ಸಮೀಪಿಸಿದಾಗ ತಾನು ಕಟ್ಟಿಸಿದ ಸೇತುವೆಗಳಿಗೆ ತಾನೇ ಬೆಂಕಿಯಿಡಿಸಿದನು. ಆಗ ಎಚ್ಚೆತ್ತವರು ಉರಿಯುವ ಹಲಗೆಗಳ ಮೇಲೆ ಓಡಿದರು, ನೀರಿಗೆ ಹಾರಿದರು; ಉಳಿದವರು ಸೆರೆಯಾದರು.

ಸುಮಾರು ಒಂದು ತಿಂಗಳಲ್ಲಿಯೇ, ಡಿಸೆಂಬರ್ ೩೧ರಂದು, ಎಬ್ಲೆಯು ಕ್ಯೋನಿಗ್ಸ್‌ಬರ್ಗಿನಲ್ಲಿ ತೀರಿಕೊಂಡನು. ಸೇನೆಯ ತಿರುಳು ಉಳಿದುದರಿಂದ ಕೆಲವರು ಈ ದಾಟನ್ನು ನೆಪೋಲಿಯನ್ನನ ಚಾತುರ್ಯವೆಂದು ಹೊಗಳುವುದುಂಟು. ಆದರೆ ಫ್ರೆಂಚ್ ನುಡಿಯಲ್ಲಿ 'ಬೆರೆಜಿನಾ' ಎಂಬ ಮಾತಿಗೆ ಇಂದಿಗೂ ಸರ್ವನಾಶವೆಂದೇ ಅರ್ಥ. ದಾಟಿದವರ ಲೆಕ್ಕವನ್ನು ಚರಿತ್ರಕಾರರು ಬರೆದರು. ಜನರು ನೆನಪಿನಲ್ಲಿಟ್ಟುದು ಪೂರ್ವದಡದಲ್ಲಿ ಉಳಿದವರನ್ನು.